ಪಿಲಿ (ಹುಲಿ) ತಲೆಯ ಕೇಕ್ ಪಾಪ್ ಮಾಡಲು ಹೋಗಿ ಬೆಕ್ಕಾಯಿತು, ಎಲ್ಲಿ ತಪ್ಪಿದೆ ಹೇಳಿ

ಕುಡ್ಲದ ಅಮ್ಮ

ಎಲ್ಲರಿಗೂ ನಮಸ್ಕಾರ. ಮಂಗಳೂರಿನಿಂದ ಬರೆಯುತ್ತಿದ್ದೇನೆ. ಮಗನಿಗೆ ಈ ಮಾರ್ನೆಮಿ ಹೊತ್ತಿಗೆ ಐದು ತುಂಬುತ್ತದೆ. ನಮ್ಮೂರಲ್ಲಿ ನವರಾತ್ರಿ ಅಂದರೆ ಹುಲಿವೇಷ, ಗೊತ್ತಲ್ಲ. ತಾಸೆ ವಾದ್ಯದ ಸದ್ದು ಕೇಳಿದರೆ ಸಾಕು, ಇವನು ಊಟದ ತಟ್ಟೆ ಅಲ್ಲೇ ಬಿಟ್ಟು ಗೇಟಿಗೆ ಓಡುತ್ತಾನೆ. ಯಾವುದೋ ವಿಡಿಯೋದಲ್ಲಿ ಕರಡಿ, ಪಾಂಡಾ ಮುಖದ ಕೇಕ್ ಪಾಪ್ ನೋಡಿದ ಮೇಲೆ ಒಂದೇ ಹಟ. ದೊಡ್ಡ ಕೇಕ್ ಬೇಡವಂತೆ, ಕಡ್ಡಿಗೆ ಚುಚ್ಚಿದ ಪಿಲಿ ತಲೆ ಬೇಕಂತೆ, ಕ್ಲಾಸಿನ 24 ಮಕ್ಕಳಿಗೂ ಒಂದೊಂದು.

ಕಳೆದ ಭಾನುವಾರ ಟ್ರಯಲ್ ಅಂತ 12 ಮಾಡಿದೆ. ಮೊಟ್ಟೆ ಹಾಕದ ಮಿಲ್ಕ್‌ಮೇಡ್ ಕೇಕ್ ಮಾಡಿ, ಬಿಸಿ ಇರುವಾಗಲೇ ಪುಡಿ ಮಾಡಿ, ಬೆಣ್ಣೆ ಐಸಿಂಗ್ ಒಂದು ಬಟ್ಟಲು ಪೂರ್ತಿ ಹಾಕಿ ಕಲಸಿದೆ. ಲಾಡು ಗಾತ್ರಕ್ಕೆ ಉಂಡೆ ಕಟ್ಟಿ ಮೂರು ಗಂಟೆ ಫ್ರೀಜರ್‌ನಲ್ಲಿ ಇಟ್ಟೆ. ವೈಟ್ ಚಾಕೊಲೇಟ್ ಮೈಕ್ರೋವೇವ್‌ನಲ್ಲಿ ಎರಡು ನಿಮಿಷ ಇಟ್ಟು ಕರಗಿಸಿ, ಕೇಸರಿಬಾತಿಗೆ ಹಾಕುವ ಲಿಕ್ವಿಡ್ ಕಲರ್ ನಾಲ್ಕು ಹನಿ ಬಿಟ್ಟೆ. ಬಿಟ್ಟ ತಕ್ಷಣ ಚಾಕೊಲೇಟ್ ಉಪ್ಪಿಟ್ಟಿನ ಹಾಗೆ ಆಯಿತು! ಸ್ವಲ್ಪ ಹಾಲು ಹಾಕಿದರೆ ಸಡಿಲ ಆಗಬಹುದು ಅಂದುಕೊಂಡು ಹಾಕಿದೆ. ಸಡಿಲವೇನೋ ಆಯಿತು, ಆದರೆ ಆಮೇಲೆ ರಾತ್ರಿವರೆಗೂ ಗಟ್ಟಿಯಾಗಲೇ ಇಲ್ಲ. ಎರಡನೇ ಸ್ಲ್ಯಾಬ್ ಕರಗಿಸಿ ಬಣ್ಣ ಇಲ್ಲದೆ ಅದ್ದಿದೆ. ಐದು ಉಂಡೆ ಕಡ್ಡಿಯಿಂದ ಕಳಚಿ ಪಾತ್ರೆಗೇ ಬಿದ್ದವು. ನಾಲ್ಕು ಹತ್ತು ನಿಮಿಷದಲ್ಲಿ ಟಪ್ ಅಂತ ಬಿರಿದವು. ಉಳಿದ ಮೂರಕ್ಕೆ ಕಪ್ಪು ಪಟ್ಟೆ ಬರೆದು ಫ್ರಿಜ್‌ನಲ್ಲಿ ಇಟ್ಟು ಹೊರಗೆ ತೆಗೆದರೆ ಮೈಯೆಲ್ಲ ಬೆವರು, ಪಟ್ಟೆ ಎಲ್ಲ ಹರಿದು ಗಲ್ಲಕ್ಕೆ ಬಂದಿತ್ತು.

ಮಗ ನೋಡಿ ಹೇಳಿದ್ದು: "ಅಮ್ಮ, ಇದು ಪಿಲಿ ಅಲ್ಲ, ಚರಂಡಿಗೆ ಬಿದ್ದ ಬೆಕ್ಕು."

ಇನ್ನು ಹನ್ನೆರಡು ದಿನ ಇದೆ. ನಮ್ಮ ಕಡೆ ಸೆಕೆ, ತೇವ ಎರಡೂ ಜಾಸ್ತಿ. ಇಲ್ಲಿ ಇದು ಆಗುವ ಕೆಲಸವೇ? ಆಗುವುದಿದ್ದರೆ ಎಲ್ಲಿ ಸರಿ ಮಾಡಿಕೊಳ್ಳಲಿ?

ಭಾನುವಾರದ ಓವನ್

ಮೊದಲು ಸಮಾಧಾನ ಮಾಡಿಕೊಳ್ಳಿ, ನಿಮಗಾದ ನಾಲ್ಕೂ ಅನಾಹುತ ನನಗೂ ಆಗಿದೆ, ನನಗಾಗಿದ್ದು ದುಡ್ಡು ತೆಗೆದುಕೊಂಡ ಆರ್ಡರ್‌ನಲ್ಲಿ. ಬೆಂಗಳೂರಲ್ಲಿ ಮನೆಯಿಂದಲೇ ಕೇಕ್ ಮಾಡುತ್ತೇನೆ. ಒಂದೊಂದಾಗಿ ಹೇಳುತ್ತೇನೆ.

ಕಡ್ಡಿಯಿಂದ ಬೀಳುವುದು. ನೂರಕ್ಕೆ ತೊಂಬತ್ತು ಸಲ ಇದು ಒಳಗಿನ ಹಿಟ್ಟು ಒದ್ದೆಯಾಗಿರುವುದರಿಂದ. ಬಟ್ಟಲು ಪೂರ್ತಿ ಐಸಿಂಗ್ ಅಂದಿರಲ್ಲ, ಅಲ್ಲೇ ಕೆಟ್ಟಿದ್ದು. ರವೆ ಉಂಡೆ ಕಟ್ಟುವ ಹದ ನಿಮಗೆ ಗೊತ್ತಿರುತ್ತದೆ ಅಲ್ವಾ? ಮುಷ್ಟಿ ಹಿಡಿದರೆ ನಿಲ್ಲಬೇಕು, ಬೆರಳಲ್ಲಿ ಒತ್ತಿದರೆ ಮತ್ತೆ ಪುಡಿಯಾಗಬೇಕು, ಅಂಗೈಗೆ ಅಂಟಬಾರದು. ಅದೇ ಹದ. ಕೇಕ್ ಪೂರ್ತಿ ಆರಲಿ, ಸಾಧ್ಯವಾದರೆ ಹಿಂದಿನ ದಿನವೇ ಮಾಡಿಡಿ. ಬಿಸಿ ಕೇಕಿನಲ್ಲಿ ಹಬೆ ಇರುತ್ತದೆ, ಪುಡಿ ಮಾಡಿದರೆ ಮುದ್ದೆಯಾಗುತ್ತದೆ, ಬೆಣ್ಣೆಯೂ ಕರಗಿ ಎಣ್ಣೆ ಬಿಡುತ್ತದೆ. ಅಂಚಿನ ಕಂದು ಸಿಪ್ಪೆ ತೆಗೆದು ಮಿಕ್ಸಿಯಲ್ಲಿ ಎರಡು ಸಲ ಪಲ್ಸ್ ಕೊಡಿ, ಪುಡಿ ಒಂದೇ ಸಮ ಬರುತ್ತದೆ. ಅರ್ಧ ಕೆಜಿ ಪುಡಿಗೆ ನಾನು ಹಾಕುವುದು 100ರಿಂದ 120 ಗ್ರಾಂ ಗನಾಶ್ ಅಷ್ಟೇ, ಅಂದರೆ 80 ಗ್ರಾಂ ಡಾರ್ಕ್ ಕಾಂಪೌಂಡ್ ಚಾಕೊಲೇಟ್‌ಗೆ 40 ಎಂಎಲ್ ಕ್ರೀಮ್. ಅದನ್ನೂ ಒಂದೇ ಸಲ ಸುರಿಯುವುದಿಲ್ಲ, ಚಮಚ ಚಮಚವಾಗಿ. ಕೇಕೇ ತೇವವಾಗಿದ್ದರೆ ಅರ್ಧದಲ್ಲೇ ನಿಲ್ಲಿಸಬೇಕಾಗುತ್ತದೆ. ಮಿಲ್ಕ್‌ಮೇಡ್ ಕೇಕ್ ಮೊದಲೇ ಸ್ವಲ್ಪ ತೇವ, ಹುಷಾರು.

ಗಾತ್ರ. ಲಾಡು ಗಾತ್ರ ಬೇಡವೇ ಬೇಡ. 25 ಗ್ರಾಂ, ಅಂದರೆ ಸಣ್ಣ ನಿಂಬೆಹಣ್ಣಿನಷ್ಟು. ತೂಕ ಮಾಡಿಯೇ ಕಟ್ಟಿ, ಕಣ್ಣಳತೆಯಲ್ಲಿ ಕಟ್ಟಿದರೆ ಕೊನೆಯ ಐದು ಯಾವಾಗಲೂ ದೊಡ್ಡದಾಗುತ್ತವೆ. ಮೇಲಿನ ಅಳತೆಗೆ ಸರಿಯಾಗಿ 24 ಬರುತ್ತದೆ.

ಕಡ್ಡಿ. ಕಡ್ಡಿಯ ತುದಿಯನ್ನು ಒಂದು ಇಂಚು ಕರಗಿದ ಚಾಕೊಲೇಟಿಗೆ ಅದ್ದಿ ಆಮೇಲೆ ಉಂಡೆಗೆ ಚುಚ್ಚಿ, ಅರ್ಧದವರೆಗೆ ಮಾತ್ರ, ಈಚೆ ಬರಬಾರದು. ಐದು ನಿಮಿಷ ಫ್ರಿಜ್. ಅದು ಒಳಗೆ ಗಟ್ಟಿಯಾಗಿ ಮೊಳೆ ಹೊಡೆದ ಹಾಗೆ ಹಿಡಿದುಕೊಳ್ಳುತ್ತದೆ. ಈ ಒಂದು ಕೆಲಸ ಬಿಟ್ಟರೆ ಬೇರೆ ಏನು ಮಾಡಿದರೂ ಬೀಳುತ್ತದೆ.

ಬಿರುಕು. ಫ್ರೀಜರ್ ತಪ್ಪು. ಉಂಡೆ ತಣ್ಣಗಾದಾಗ ಕುಗ್ಗಿರುತ್ತದೆ, ಮೇಲೆ ಬಿಸಿ ಚಾಕೊಲೇಟ್ ಬಿದ್ದ ತಕ್ಷಣ ಕವಚ ಗಟ್ಟಿಯಾಗುತ್ತದೆ, ಆಮೇಲೆ ಉಂಡೆ ನಿಧಾನಕ್ಕೆ ಮಾಮೂಲಿಗೆ ಬಂದು ಹಿಗ್ಗುತ್ತದೆ, ಜಾಗ ಇಲ್ಲದೆ ಕವಚ ಒಡೆಯುತ್ತದೆ. ಫ್ರಿಜ್‌ನಲ್ಲಿ ಒಂದು ಗಂಟೆ ಸಾಕು. ತೆಗೆದು ಐದಾರು ನಿಮಿಷ ಹೊರಗಿಟ್ಟು ಆಮೇಲೆ ಅದ್ದಿ. ಚಾಕೊಲೇಟ್ ಕೂಡ ಸುಡುವ ಬಿಸಿ ಇರಬಾರದು. ಮಗುವಿನ ಹಾಲಿನ ಬಿಸಿ ನೋಡುತ್ತೀರಲ್ಲ, ಹಾಗೆ ಮಣಿಕಟ್ಟಿಗೆ ಒಂದು ಹನಿ ಬಿಟ್ಟು ನೋಡಿ, ಬೆಚ್ಚಗೆ ಅನ್ನಿಸಿದರೆ ಸರಿ.

ಉಪ್ಪಿಟ್ಟು ಆಗಿದ್ದು ನೀರಿನಿಂದ. ಲಿಕ್ವಿಡ್ ಕಲರ್ ಅಂದರೆ ನೀರು. ಕರಗಿದ ಚಾಕೊಲೇಟ್ ಅಂದರೆ ಕೊಬ್ಬು. ಅದಕ್ಕೆ ಒಂದೆರಡು ಹನಿ ನೀರು ಸೇರಿದರೆ ಒಳಗಿನ ಸಕ್ಕರೆ ಎಲ್ಲ ಒಂದಕ್ಕೊಂದು ಅಂಟಿಕೊಂಡು ಮುದ್ದೆಯಾಗುತ್ತದೆ. ಹಾಲು ಹಾಕಿದಾಗ ಅದು ಗನಾಶ್ ಆಯಿತು, ಗನಾಶ್ ಕವಚದ ಹಾಗೆ ಗಟ್ಟಿಯಾಗುವುದಿಲ್ಲ. ಎಸೆದಿಲ್ಲ ತಾನೇ? ಅದನ್ನೇ ಮುಂದಿನ ಸಲ ಪುಡಿಗೆ ಕಲಸಲು ಬಳಸಿ. ಬಣ್ಣಕ್ಕೆ ಎಣ್ಣೆ ಆಧಾರದ ಚಾಕೊಲೇಟ್ ಕಲರ್ ಅಂತಲೇ ಕೇಳಿ ತೆಗೆದುಕೊಳ್ಳಿ, ಅಥವಾ ಒಣ ಪುಡಿ.

ಬೆವರಿಗೆ ಆಮೇಲೆ ಬರುತ್ತೇನೆ, ಕುಕ್ಕರ್ ಕೂಗಿತು.

ಎರಡು ಮಕ್ಕಳ ಅಪ್ಪ

ಅಡುಗೆಯಲ್ಲಿ ನಾನು ದಡ್ಡ, ಆದರೂ ಒಂದು ಮಾತು. ಅರ್ಧ ಕೆಜಿ ಕೇಕ್ ಮನೆಯಲ್ಲೇ ಬೇಯಿಸಬೇಕು ಅಂತ ಏನಿದೆ? ನಾನು ಅಯ್ಯಂಗಾರ್ ಬೇಕರಿಯ ಪ್ಲೇನ್ ಕೇಕ್ ತಂದು ಪುಡಿ ಮಾಡಿ ಮಗಳಿಗೆ ಕರಡಿ ಮಾಡಿದ್ದೆ. ಹೇಗೂ ಪುಡಿ ಮಾಡುವುದೇ ತಾನೇ. ಹನಿ ಕೇಕ್ ಮಾತ್ರ ತರಬೇಡಿ, ಪಾಕ ಕುಡಿದಿರುತ್ತದೆ, ಉಂಡೆ ನಿಲ್ಲುವುದಿಲ್ಲ, ನಾನು ತಂದು ಕೆಟ್ಟೆ.

ಕರಡಿ ಕಿವಿಗೆ ಜೆಮ್ಸ್ ಇಟ್ಟಿದ್ದೆ. ಒಂದು ಕಿವಿ ನೀಲಿ ಇನ್ನೊಂದು ಹಸಿರು. ಮಗಳಿಗೆ ಅದೇ ಇಷ್ಟವಾಯಿತು.

ಉಂಡೆ ಅಜ್ಜಿ, ಮೈಸೂರು

ಈ ಥ್ರೆಡ್ ಓದಿ ನಗು ಬಂತು ಮಗಳೇ. ಪ್ರಾಣಿ ಆಕಾರದ ಸಿಹಿ ನಮಗೆ ಹೊಸತೇನಲ್ಲ. ಸಂಕ್ರಾಂತಿಗೆ ಸಕ್ಕರೆ ಅಚ್ಚು ಹಾಕುತ್ತೇವಲ್ಲ. ಮರದ ಅಚ್ಚಿನ ಎರಡು ಹೋಳು ಜೋಡಿಸಿ ದಾರ ಬಿಗಿದು, ಕಾಯಿಸಿದ ಪಾಕ ಹುಯ್ದು, ಆರಿದ ಮೇಲೆ ಬಿಚ್ಚಿದರೆ ಒಳಗೆ ಆನೆ, ನವಿಲು, ಗಿಣಿ. ಅಲ್ಲೂ ಇದೇ ಗೋಳು. ಪಾಕ ಒಂದು ಚೂರು ಎಳಸಾದರೆ ಆನೆಗೆ ಸೊಂಡಿಲು ಬರುವುದಿಲ್ಲ, ಅಚ್ಚಿನೊಳಗೇ ಉಳಿದುಬಿಡುತ್ತದೆ. ಮೋಡ ಮುಚ್ಚಿದ ದಿನ ಅಚ್ಚು ಹಾಕಬೇಡ ಅಂತ ನಮ್ಮತ್ತೆ ಹೇಳುತ್ತಿದ್ದರು, ಸಕ್ಕರೆ ತೇವ ಎಳೆದುಕೊಳ್ಳುತ್ತದೆ.

ಅದಕ್ಕೇ ಹೇಳುತ್ತೇನೆ, ಕೈಯಲ್ಲಿ ಯಾಕೆ ಒದ್ದಾಡುತ್ತೀ? ಈಗ ಸಿಲಿಕಾನ್ ಅಚ್ಚು ಸಿಗುತ್ತದಂತೆ, ಕರಡಿ ಮುಖ, ಹುಲಿ ಮುಖ ಎಲ್ಲ. ಮೊಮ್ಮಗಳು ಮಾಡುವುದನ್ನು ನೋಡಿದ್ದೇನೆ. ಅಚ್ಚಿನ ಒಳಗೆ ಚಾಕೊಲೇಟ್ ಬಳಿದು, ಆರಿಸಿ, ಕೇಕ್ ಪುಡಿ ತುಂಬಿ, ಮೇಲೆ ಮತ್ತೆ ಚಾಕೊಲೇಟ್ ಮುಚ್ಚುತ್ತಾಳೆ. ಬಿರಿಯುವುದೂ ಇಲ್ಲ ಬೀಳುವುದೂ ಇಲ್ಲ.

ಭಾನುವಾರದ ಓವನ್

ಅಜ್ಜಿ, ನಿಮಗೆ ನಮಸ್ಕಾರ, ಆದರೆ ಅಚ್ಚಿನದ್ದು ಕೇಕ್ ಪಾಪ್ ಅಲ್ಲ ಅನ್ನುತ್ತೇನೆ. ಎಲ್ಲ ಮುಖವೂ ಒಂದೇ ಥರ ಬರುತ್ತದೆ. ಕೈಯಲ್ಲಿ ಮಾಡಿದರೆ ಒಂದು ಹುಲಿ ಸಿಟ್ಟಿನದ್ದು, ಒಂದು ಹುಲಿ ನಿದ್ದೆಗಣ್ಣಿನದ್ದು, ಮಕ್ಕಳು ನಂಗೆ ಇದು ನಂಗೆ ಅದು ಅಂತ ಕಿತ್ತಾಡುತ್ತಾರೆ. ಹಟ ನನ್ನದು, ಇರಲಿ.

ಈಗ ಬೆವರಿನ ವಿಷಯ. ಕರಾವಳಿಯಲ್ಲಿ ಫ್ರಿಜ್‌ನಿಂದ ತೆಗೆದ ಏನೇ ಆದರೂ ಬೆವರುತ್ತದೆ, ತಣ್ಣನೆ ನೀರಿನ ಲೋಟದ ಹೊರಗೆ ಹನಿ ಕೂರುತ್ತದಲ್ಲ, ಹಾಗೆ. ಅದ್ದಿದ ಮೇಲೆ ಫ್ರಿಜ್‌ಗೆ ಇಡಲೇಬೇಡಿ. ಕಾಂಪೌಂಡ್ ಚಾಕೊಲೇಟ್ ಫ್ಯಾನ್ ಕೆಳಗೇ ಗಟ್ಟಿಯಾಗುತ್ತದೆ, ಎಸಿ ಇದ್ದರೆ ಇನ್ನೂ ಒಳ್ಳೆಯದು, ಒಂದು ರೂಮಿಗೆ ಎಸಿ ಹಾಕಿ ಬಾಗಿಲು ಮುಚ್ಚಿಕೊಂಡು ಕೆಲಸ ಮಾಡಿ. ಕಾಂಪೌಂಡ್ ಯಾಕೆ ಅಂದರೆ ಅದರಲ್ಲಿ ಕೊಕೊ ಬೆಣ್ಣೆಯ ಬದಲು ಬೇರೆ ಸಸ್ಯಕೊಬ್ಬು ಇರುತ್ತದೆ, ಟೆಂಪರ್ ಮಾಡುವ, ಅಂದರೆ ಹದ ನೋಡಿ ಕಾಯಿಸಿ ಆರಿಸುವ ತಲೆನೋವಿಲ್ಲ. ರುಚಿಯಲ್ಲಿ ನಿಜವಾದ ಚಾಕೊಲೇಟ್‌ಗೆ ಸಾಟಿಯಲ್ಲ, ಒಪ್ಪುತ್ತೇನೆ. ಆದರೆ ಐದು ವರ್ಷದ ಮಕ್ಕಳು, ಮಂಗಳೂರಿನ ಸೆಕೆ, ಇದೇ ಸರಿ.

ಎರಡು ನಿಮಿಷ ಒಂದೇ ಸಲ ಮೈಕ್ರೋವೇವ್ ಮಾಡಬೇಡಿ, ವೈಟ್ ಬೇಗ ಸುಡುತ್ತದೆ. ಅರ್ಧ ಪವರ್‌ನಲ್ಲಿ 30 ಸೆಕೆಂಡ್, ಕಲಕಿ, ಮತ್ತೆ 30. ಗಟ್ಟಿ ಅನ್ನಿಸಿದರೆ 200 ಗ್ರಾಂಗೆ ಒಂದು ಟೀ ಚಮಚ ವಾಸನೆ ಇಲ್ಲದ ಎಣ್ಣೆ ಹಾಕಿ. ನಿಮ್ಮ ಕಡೆಯ ಗಾಣದ ತೆಂಗಿನೆಣ್ಣೆ ಹಾಕಿದರೆ ಪಿಲಿಗೆ ತಲೆಗೆ ಎಣ್ಣೆ ಹಚ್ಚಿದ ವಾಸನೆ ಬಂದೀತು. ಅಗಲ ಬಟ್ಟಲು ಬೇಡ, ಉದ್ದನೆ ಸ್ಟೀಲ್ ಲೋಟ ತೆಗೆದುಕೊಳ್ಳಿ, ಉಂಡೆ ಒಂದೇ ಸಲ ಮುಳುಗಬೇಕು. ನೇರ ಇಳಿಸಿ, ನೇರ ಎತ್ತಿ. ಒಳಗೆ ತಿರುಗಿಸಿದಿರೋ, ಕಡ್ಡಿ ಸಡಿಲವಾಯಿತು. ಎತ್ತಿದ ಮೇಲೆ ಕಡ್ಡಿ ಹಿಡಿದ ಕೈಯ ಮಣಿಕಟ್ಟಿಗೆ ಇನ್ನೊಂದು ಕೈಯಿಂದ ಮೆಲ್ಲಗೆ ತಟ್ಟುತ್ತಾ ಇರಿ, ಜಾಸ್ತಿಯಾದದ್ದು ತೊಟ್ಟಿಕ್ಕುತ್ತದೆ. ಕಡ್ಡಿ ಸೇರುವ ಜಾಗದಲ್ಲಿ ಸುತ್ತಲೂ ಚಾಕೊಲೇಟ್ ಕೂತಿದೆಯಾ ನೋಡಿ. ಅಲ್ಲಿ ಸೂಜಿಮೊನೆಯಷ್ಟು ತೂತು ಉಳಿದರೂ ಸಂಜೆಗೆ ಎಣ್ಣೆ ಒಸರುತ್ತದೆ.

ಮಲೆನಾಡ ಹುಡುಗಿ

ಅದ್ದಿದ ಕೇಕ್ ಪಾಪ್ ನಿಲ್ಲಿಸುವುದಕ್ಕೆ ಥರ್ಮಾಕೋಲ್ ಹುಡುಕುತ್ತಾ ಕೂರಬೇಡಿ. ನಾನು ಬಾಳೆದಿಂಡನ್ನು ಉದ್ದಕ್ಕೆ ಸೀಳಿ ಮಗುಚಿ, ಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತಿ ಚುಚ್ಚುತ್ತೇನೆ. ಕಡ್ಡಿ ಅಲ್ಲಾಡುವುದಿಲ್ಲ. ಪ್ಲಾಸ್ಟಿಕ್ ಸುತ್ತದೆ ಚುಚ್ಚಿದರೆ ಪೇಪರ್ ಕಡ್ಡಿ ನೀರು ಕುಡಿದು ಮೆತ್ತಗಾಗುತ್ತದೆ, ನೆನಪಿರಲಿ. ಅರ್ಧ ಸಿಹಿಗುಂಬಳವೂ ಆಗುತ್ತದೆ, ಮಾರನೇ ದಿನ ಹುಳಿ ಮಾಡಬಹುದು.

ಹುಲಿ ಜೊತೆಗೆ ಬೇರೆ ಪ್ರಾಣಿ ಬೇಕಿದ್ದರೆ ಸುಲಭದ್ದು ಹೇಳುತ್ತೇನೆ. ಮುಳ್ಳುಹಂದಿ: ಮೂತಿ ಸ್ವಲ್ಪ ಚೂಪಾಗಿ ತೀಡಿ, ಡಾರ್ಕ್ ಚಾಕೊಲೇಟಿಗೆ ಅದ್ದಿ, ಹಸಿ ಇರುವಾಗಲೇ ಬೆನ್ನಿಗೆ ಚಾಕೊಲೇಟ್ ಶಾವಿಗೆ ಉದುರಿಸಿ. ಕೋಳಿಮರಿ: ಹಳದಿ ಉಂಡೆ, ಕೊಕ್ಕಿಗೆ ಒಂದು ಚೂರು ಟೂಟಿ ಫ್ರೂಟಿ. ಮೊಲ: ಕಿವಿಗೆ ಗೋಡಂಬಿ ಹೋಳು, ಅದರ ಬಾಗು ಹೇಳಿ ಮಾಡಿಸಿದ ಹಾಗಿರುತ್ತದೆ. ಕಣ್ಣಿಗೆ ಕರಿ ಎಳ್ಳು, ಇಲ್ಲದಿದ್ದರೆ ಏಲಕ್ಕಿ ಕಾಳು. ಪಾಂಡಾಗೆ ಹಾಲುಬಿಳಿ ಬೇಕು ಅಂತ ಒದ್ದಾಡಬೇಡಿ, ವೈಟ್ ಕಾಂಪೌಂಡ್ ಯಾವಾಗಲೂ ಕೆನೆ ಬಣ್ಣ. ಆನೆಗೆ ಮಾತ್ರ ಕೈ ಹಾಕಬೇಡಿ. ಸೊಂಡಿಲನ್ನು ಸಕ್ಕರೆ ಹಿಟ್ಟಿನ ಫಾಂಡೆಂಟ್‌ನಲ್ಲಿ ಮಾಡಬೇಕು, ನಿಮ್ಮ ಹವೆಗೆ ಅದು ಜೋತುಬೀಳುತ್ತದೆ. ನಾನು ಮಳೆಗಾಲದಲ್ಲಿ ಮಾಡಿದ ಆನೆಗಳೆಲ್ಲ ಸಂಜೆಗೆ ಅಳುತ್ತಿದ್ದವು.

ಸ್ಕೂಲಿಗೆ ಕಳಿಸುವುದಾದರೆ ಗೋಡಂಬಿ ಇರುವುದನ್ನು ಟೀಚರ್‌ಗೆ ಮೊದಲೇ ತಿಳಿಸಿ, ಕೆಲವು ಮಕ್ಕಳಿಗೆ ಆಗುವುದಿಲ್ಲ.

ಎರಡು ಮಕ್ಕಳ ಅಪ್ಪ

ಬಣ್ಣದ ಬಗ್ಗೆ ಯಾರೂ ಮಾತಾಡಲಿಲ್ಲ. 2024ರ ಮಾರ್ಚ್‌ನಲ್ಲಿ ನಮ್ಮ ರಾಜ್ಯದಲ್ಲಿ ಗೋಬಿಗೆ ಕೃತಕ ಬಣ್ಣ, ಆಮೇಲೆ ಬಣ್ಣದ ಬಾಂಬೆ ಮಿಠಾಯಿ, ಎರಡನ್ನೂ ನಿಷೇಧ ಮಾಡಿದರಲ್ಲ. ಆಗಿನಿಂದ ನನ್ನ ಹೆಂಡತಿ ಬಣ್ಣದ ಡಬ್ಬಿ ಮನೆಯೊಳಗೆ ಬಿಡುವುದಿಲ್ಲ. 24 ಮಕ್ಕಳಿಗೆ ಕಿತ್ತಳೆ ಬಣ್ಣ ತಿನ್ನಿಸುವುದು ಬೇಕಾ?

ಭಾನುವಾರದ ಓವನ್

ಕೇಳಿದ್ದು ಒಳ್ಳೆಯದಾಯಿತು. ಆಗ ದೊಡ್ಡ ಗಲಾಟೆ ಆಗಿದ್ದು ರೋಡಮೈನ್-ಬಿ ಅನ್ನುವ ಬಣ್ಣದಿಂದ, ಅದು ಬಟ್ಟೆಗೆ ಹಾಕುವಂಥದ್ದು, ತಿನ್ನುವ ಪದಾರ್ಥಕ್ಕೆ ಸೇರಲೇಬಾರದು. ತಿನ್ನಲು ಅನುಮತಿ ಇರುವ ಬಣ್ಣಗಳ ಪಟ್ಟಿ ಬೇರೆಯೇ ಇದೆ, ಅದಕ್ಕೂ ಮಿತಿ ಇದೆ. ಡಬ್ಬಿಯ ಮೇಲೆ ಬಣ್ಣದ ಹೆಸರು, ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ನಂಬರ್ ಇದ್ದರೆ ಮಾತ್ರ ತೆಗೆದುಕೊಳ್ಳಿ. ಬಿಡಿಯಾಗಿ ಪೊಟ್ಟಣ ಕಟ್ಟಿ ಕೊಡುವ ಪುಡಿ ಬೇಡ.

ಅದೂ ಬೇಡ ಅನ್ನಿಸಿದರೆ ಹುಲಿಗೆ ಅರಿಶಿನ ಸಾಕು. 200 ಗ್ರಾಂ ವೈಟ್ ಕಾಂಪೌಂಡ್‌ಗೆ ಕಾಲು ಟೀ ಚಮಚ, ತೆಳು ಬಟ್ಟೆಯಲ್ಲಿ ಜರಡಿ ಹಿಡಿದು. ಪುಡಿ ಒಣಗಿರಬೇಕು, ಕೊಂಬು ತೇದು ಹಾಕಿದರೆ ಮತ್ತೆ ಉಪ್ಪಿಟ್ಟು. ಕವಡೆ ಹಳದಿ ಬರುತ್ತದೆ, ಕಿತ್ತಳೆ ಅಲ್ಲ. ವಾಸನೆಗೆ ಏಲಕ್ಕಿ ಪುಡಿ ಒಂದು ಚಿಟಿಕೆ. ಬೀಟ್‌ರೂಟ್ ಪುಡಿ ಪ್ರಯತ್ನಿಸಿದ್ದೇನೆ, ಬಣ್ಣ ಮಂಕು, ನಾಲಿಗೆಗೆ ಮರಳು ಮರಳು.

ಕುಡ್ಲದ ಅಮ್ಮ

ಅಬ್ಬಾ, ಇಷ್ಟೊಂದು! ಕೇಕಿನ ಕಥೆ ಅರ್ಥವಾಯಿತು, ಮುಖ ಮಾತ್ರ ಉಳಿಯಿತು. ಹುಲಿ ಅಂತ ಗೊತ್ತಾಗಬೇಕಾದರೆ ಏನು ಬರೆಯಬೇಕು? ಟೂತ್‌ಪಿಕ್‌ನಲ್ಲಿ ಬರೆದರೆ ಪಟ್ಟೆ ಎಲ್ಲ ದಪ್ಪ ದಪ್ಪ ಬರುತ್ತದೆ.

ಭಾನುವಾರದ ಓವನ್

ನಿಮ್ಮೂರಿನ ವೇಷದವರನ್ನೇ ನೋಡಿ ಕಲಿಯಿರಿ ಅಕ್ಕಾ. ಮೈಗೆ ಬಳಿದ ಮೊದಲ ಬಣ್ಣ ಪೂರ್ತಿ ಒಣಗಿದ ಮೇಲೇ ಪಟ್ಟೆ ಎಳೆಯುವುದು, ಅಲ್ಲಿವರೆಗೆ ಕೈ ಅಗಲಿಸಿಕೊಂಡು ನಿಂತಿರುತ್ತಾರಲ್ಲ. ಇಲ್ಲೂ ಅಷ್ಟೇ, ಹಳದಿ ಕವಚ ಬೆರಳಿಗೆ ಅಂಟದಷ್ಟು ಒಣಗಲಿ.

ಕಿವಿ ಮೊದಲು. ಫ್ರಿಜ್‌ನಿಂದ ತೆಗೆದ ಬರೀ ಉಂಡೆಗೆ ಎರಡು ಚಾಕೊಲೇಟ್ ಚಿಪ್ಸ್‌ಗಳನ್ನು ಕರಗಿದ ಚಾಕೊಲೇಟ್ ಚುಕ್ಕೆಯಿಂದ ಅಂಟಿಸಿ, ಹಿಡಿದುಕೊಂಡ ಮೇಲೆ ಒಟ್ಟಿಗೇ ಅದ್ದಿ. ಆಗ ಕಿವಿ ತಲೆಯಿಂದಲೇ ಹುಟ್ಟಿದ ಹಾಗೆ ಕಾಣುತ್ತದೆ. ಆಮೇಲೆ ಅಂಟಿಸಿದರೆ ಟೋಪಿ ಇಟ್ಟ ಹಾಗೆ.

ಪಟ್ಟೆಗೆ ಟೂತ್‌ಪಿಕ್ ಬೇಡ. ಬಟರ್ ಪೇಪರ್ ಅನ್ನು ಮೆಹಂದಿ ಕೋನ್ ಥರ ಸುತ್ತಿ, ಎರಡು ಚಮಚ ಕರಗಿದ ಡಾರ್ಕ್ ಕಾಂಪೌಂಡ್ ತುಂಬಿ, ತುದಿ ಕೂದಲೆಳೆಯಷ್ಟು ಕತ್ತರಿಸಿ. ಗೆರೆಯನ್ನು ಹೊರಗಿನಿಂದ ಒಳಗೆ ಎಳೆಯಬೇಕು. ಕೆನ್ನೆಯ ಅಂಚಿನಲ್ಲಿ ಸ್ವಲ್ಪ ಒತ್ತಿ, ಮೂಗಿನ ಕಡೆ ಬರುತ್ತಾ ಒತ್ತುವುದನ್ನು ಬಿಟ್ಟು ಸರ್ರನೆ ಎತ್ತಿ. ಬುಡ ದಪ್ಪ, ತುದಿ ಚೂಪು ಬರುತ್ತದೆ, ಹುಲಿ ಅನ್ನಿಸುವುದು ಅದರಿಂದಲೇ. ಎರಡೂ ತುದಿ ಒಂದೇ ದಪ್ಪ ಇದ್ದರೆ ಜೀಬ್ರಾ. ಕೆನ್ನೆಗೆ ಎರಡೆರಡು, ಹಣೆಗೆ ಮೂರು, ಅಷ್ಟಕ್ಕೆ ನಿಲ್ಲಿಸಿ. ಇನ್ನೊಂದು ಎಳೆಯೋಣ ಅನ್ನಿಸುತ್ತದೆ, ಅಲ್ಲೇ ಕೆಡುವುದು.

ಮೂತಿಗೆ ಬಣ್ಣ ಹಾಕದ ವೈಟ್ ಚಾಕೊಲೇಟ್‌ನಲ್ಲಿ ಪಕ್ಕ ಪಕ್ಕ ಎರಡು ಚುಕ್ಕೆ, ಅವುಗಳ ನಡುವೆ ಮೇಲೆ ಒಂದು ಕಪ್ಪು ಚುಕ್ಕೆ. ಕಣ್ಣು ಎಲ್ಲರೂ ಮೇಲೆ ಇಡುತ್ತಾರೆ, ದೊಡ್ಡವರ ಮುಖದ ಹಾಗೆ ಕಾಣುತ್ತದೆ. ಕಣ್ಣನ್ನು ಮುಖದ ಅರ್ಧಕ್ಕಿಂತ ಒಂದು ಚೂರು ಕೆಳಗೆ, ದೂರ ದೂರ ಇಡಿ. ಮರಿ ಹುಲಿ ಆಗುತ್ತದೆ. ನಿಮ್ಮ ಬೆಕ್ಕಿನ ಸಮಸ್ಯೆ ಅರ್ಧ ಇದರಿಂದಲೇ ಇರಬಹುದು.

ಕುಡ್ಲದ ಅಮ್ಮ

ಹೇಳಿದ ಹಾಗೆ ಬಂದು ವರದಿ ಕೊಡುತ್ತಿದ್ದೇನೆ. ನಿನ್ನೆ ಬರ್ತ್‌ಡೇ ಮುಗಿಯಿತು.

ಶುಕ್ರವಾರ ಕೇಕ್, ಶನಿವಾರ ಉಂಡೆ, ಭಾನುವಾರ ಬೆಳಿಗ್ಗೆ ಎಸಿ ರೂಮಿನಲ್ಲಿ ಅದ್ದಿದ್ದು. ಅತ್ತೆ ಉಂಡೆ ಕಟ್ಟಿದರು. ರವೆ ಉಂಡೆ ಹದ ಅಂದದ್ದೇ ತಡ ಅವರಿಗೆ ನನಗಿಂತ ಚೆನ್ನಾಗಿ ಅರ್ಥವಾಯಿತು, ಇನ್ನೊಂದು ಚಮಚ ಗನಾಶ್ ಹಾಕಲು ಹೋದ ನನ್ನ ಕೈಗೆ ಒಂದು ಪೆಟ್ಟು ಕೊಟ್ಟರು. ಹಾಳಾದ ಚಾಕೊಲೇಟ್ ಕೂಡ ಅದರಲ್ಲೇ ಖರ್ಚಾಯಿತು. ಇರಲಿ ಅಂತ 26 ಮಾಡಿದೆವು. ಒಂದು ಮಾತ್ರ ಬಿತ್ತು, ಅದು ನಾನು ಲೋಟದೊಳಗೆ ತಿರುಗಿಸಿದ್ದರಿಂದ. ಬಿರುಕು ಎರಡಕ್ಕೆ ಬಂತು, ಅದರ ಮೇಲೇ ಪಟ್ಟೆ ಎಳೆದುಬಿಟ್ಟೆ. ಅರಿಶಿನವೇ ಹಾಕಿದ್ದು, ಬಣ್ಣ ಪರವಾಗಿಲ್ಲ, ಒಬ್ಬ ಹುಡುಗ ಮಾತ್ರ ಮೂಸಿ ನೋಡಿ "ಆಂಟಿ, ಇದರಲ್ಲಿ ಕಷಾಯ ಉಂಟಾ?" ಅಂದ. ಏಲಕ್ಕಿ ಹಾಕಲು ಮರೆತಿದ್ದೆ.

ಮೊದಲ ಹತ್ತು ಹುಲಿಗಳ ಮೀಸೆ ವಕ್ರ. ಆಮೇಲಿನವು ಚೆನ್ನಾಗಿ ಬಂದವು. ಬಾಳೆದಿಂಡಿನ ಮೇಲೆ ಸಾಲಾಗಿ ನಿಲ್ಲಿಸಿದಾಗ ಮಗ ಒಂದು ನಿಮಿಷ ಏನೂ ಮಾತಾಡಲಿಲ್ಲ. ಆಮೇಲೆ ಸ್ಟೀಲ್ ಡಬ್ಬ ತಂದು ತಾಸೆ ಬಡಿಯುವುದಕ್ಕೆ ಶುರು ಮಾಡಿದ. ತನ್ನ ಪಾಲಿನದನ್ನು ಇನ್ನೂ ತಿಂದಿಲ್ಲ, ಫ್ರಿಜ್‌ನಲ್ಲಿ ಇಟ್ಟಿದ್ದಾನೆ. ಬೆವರುತ್ತದೆ ಕಣೋ ಅಂದರೆ ಕೇಳುವುದಿಲ್ಲ.

ಉಂಡೆ ಅಜ್ಜಿ, ಮೈಸೂರು

ಫ್ರಿಜ್‌ನಲ್ಲಿ ಇರುವುದನ್ನು ಮುಚ್ಚಳ ಬಿಗಿಯಾಗಿರುವ ಡಬ್ಬಿಗೆ ಹಾಕು. ಹೊರಗೆ ತೆಗೆದ ಮೇಲೂ ಅರ್ಧ ಗಂಟೆ ಮುಚ್ಚಳ ತೆಗೆಯಬೇಡ. ಬೆವರು ಡಬ್ಬಿಗೆ ಬರುತ್ತದೆ, ಹುಲಿಗೆ ಬರುವುದಿಲ್ಲ. ನಿಮ್ಮತ್ತೆಗೆ ನನ್ನ ನಮಸ್ಕಾರ ಹೇಳು.